ದೂರವಾಣಿ ವಿನಿಮಯ ಕೇಂದ್ರದ ತಂತ್ರಜ್ಞರಿಗೆ ತರಬೇತಿ: ಕಾರ್ಡಿಗೆ ಕೈ ಹಾಕುವ ಮುನ್ನ ಕಲಿಸಬೇಕಾದದ್ದು

ಮೈಸೂರು, ಮಂಡ್ಯ ಕಡೆಯ ಆಸ್ಪತ್ರೆ, ಹೋಟೆಲ್, ಕಾಲೇಜು, ಕಾರ್ಖಾನೆಗಳ ಒಳಗಿನ ಸ್ವಂತ ವಿನಿಮಯ ಕೇಂದ್ರಗಳಾದ ಇಪಿಎಬಿಎಕ್ಸ್‌ಗಳನ್ನೂ ಊರಿನ ದೂರವಾಣಿ ವಿನಿಮಯ ಕೇಂದ್ರಗಳನ್ನೂ ನೋಡಿಕೊಳ್ಳುವ ಹೊಸ ತಂತ್ರಜ್ಞರನ್ನು ತಯಾರು ಮಾಡುವ ಮೇಲ್ವಿಚಾರಕರಿಗಾಗಿ ಈ ಬರಹ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಬರುವವರಿಗೆ ಓಮ್ ನಿಯಮ ಬಾಯಿಪಾಠವಾಗಿರುತ್ತದೆ, ಮಲ್ಟಿಮೀಟರ್ ಹಿಡಿಯಲೂ ಬರುತ್ತದೆ. ಆದರೆ ಲೈನ್ ಕೆಟ್ಟಿದೆ ಎಂಬ ದೂರು ಬಂದ ಕೂಡಲೇ ಅವರ ಕೈ ಹೋಗುವುದು ಕೇಂದ್ರದೊಳಗಿನ ಕಾರ್ಡಿಗೆ, ಅಂದರೆ ಲೈನುಗಳನ್ನು ನಡೆಸುವ ಸರ್ಕ್ಯೂಟ್ ಹಲಗೆಗೆ. ಕಾರ್ಡ್ ಕಿತ್ತು ಇನ್ನೊಂದನ್ನು ಹಾಕಿದಾಗ ಹತ್ತರಲ್ಲಿ ಎರಡು ಸಲ ಲೈನ್ ಸರಿಹೋಗುತ್ತದೆ. ಆ ಎರಡು ಸಲದ ಗೆಲುವೇ ಉಳಿದ ಎಂಟು ಸಲ ದಾರಿ ತಪ್ಪಿಸುತ್ತದೆ. ಆದ್ದರಿಂದ ನಾನು ಮೂರು ತಿಂಗಳ ತರಬೇತಿಯಲ್ಲಿ ಮೊದಲ ಆರು ವಾರ ಯಾರಿಗೂ ಕಾರ್ಡ್ ಮುಟ್ಟಲು ಬಿಡುವುದಿಲ್ಲ. ಅಳೆಯುವುದು, ದಾರಿಯನ್ನು ಎರಡಾಗಿ ಒಡೆಯುವುದು, ಮತ್ತೆ ಅಳೆಯುವುದು ಇಷ್ಟೇ ಅವರ ಕೆಲಸ.

ಮೊದಲ ಹಂತ: ಕೆಡಿಸಬಹುದಾದ ಒಂದು ವಿನಿಮಯ ಕೇಂದ್ರ

ಜನ ಬಳಸುತ್ತಿರುವ ಕೇಂದ್ರದಲ್ಲಿ ಪಾಠ ಮಾಡಬಾರದು. ಗುಜರಿಗೆ ಹೋಗಬೇಕಿದ್ದ 16 ಲೈನಿನ ಹಳೆಯ ಇಪಿಎಬಿಎಕ್ಸ್ ಒಂದನ್ನು ಉಳಿಸಿಕೊಂಡರೆ ಸಾಕು. ಅದರ ಜೊತೆಗೆ ಎಳೆಗಳನ್ನು ಒತ್ತಿ ಜೋಡಿಸುವ ಹತ್ತು ಜೋಡಿಯ ಕ್ರೋನ್ ಮಾಡ್ಯೂಲ್‌ಗಳು ನಾಲ್ಕು, ಇಪ್ಪತ್ತು ಜೋಡಿಯ ಜೆಲ್ಲಿ ಕೇಬಲ್ ಒಂದು ಸುರುಳಿ, ಕೇಬಲ್ಲಿನ ಜೋಡಿಗಳನ್ನು ಗ್ರಾಹಕರಿಗೆ ಹಂಚುವ, ಗೋಡೆಗೆ ಹೊಡೆದ ಎರಡು ಡಿಪಿ ಪೆಟ್ಟಿಗೆಗಳು, ಐದಾರು ದೂರವಾಣಿಗಳು, ಒಂದು ಟೆಸ್ಟ್ ಫೋನ್, ಹೆಚ್ಚಿನ ವೋಲ್ಟೇಜ್ ಹಾಕಿ ಸೋರಿಕೆ ಅಳೆಯುವ ಒಂದು ಮೆಗ್ಗರ್, ಮತ್ತು ತಲೆಗೊಂದು ಮಲ್ಟಿಮೀಟರ್ ಇರಬೇಕು. ನಾಲ್ಕು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ 48 ವೋಲ್ಟ್ ಸಿಗುತ್ತದೆ. ಸುರುಳಿಯಲ್ಲಿರುವ ಕೇಬಲ್ಲನ್ನು ಬಿಚ್ಚಿ ಹಾಸುವುದು ಬೇಡ, ಎರಡು ತುದಿ ಹೊರಗಿದ್ದರೆ ಸಾಕು. ಎರಡು ನೂರು ಮೀಟರಿನ ಸುರುಳಿಯ ಜೋಡಿಗಳನ್ನು ಒಂದಕ್ಕೊಂದು ಸೇರಿಸುತ್ತ ಹೋದರೆ ಕೋಣೆಯೊಳಗೇ ನಾಲ್ಕು ಕಿಲೋಮೀಟರ್ ಉದ್ದದ ಲೈನ್ ಸಿದ್ಧವಾಗುತ್ತದೆ.

ಬಣ್ಣದ ಕ್ರಮವನ್ನು ಮೊದಲ ದಿನವೇ ಬಾಯಿಪಾಠ ಮಾಡಿಸಬೇಕು. ಒಂದು ಎಳೆಗೆ ಬಿಳಿ, ಕೆಂಪು, ಕಪ್ಪು, ಹಳದಿ. ಜೊತೆಯ ಎಳೆಗೆ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಬಿಳಿಯೊಡನೆ ಐದೂ ಬಣ್ಣ ಮುಗಿದ ಮೇಲೆ ಕೆಂಪು ಬರುತ್ತದೆ, ಹೀಗೆ ಇಪ್ಪತ್ತು ಜೋಡಿ. ಹದಿಮೂರನೆಯ ಜೋಡಿ ಯಾವುದು ಎಂದರೆ ಬೆರಳು ಎಣಿಸದೆ ಕಪ್ಪು-ಹಸಿರು ಎನ್ನಬೇಕು. ಮಳೆಯಲ್ಲಿ ಏಣಿಯ ಮೇಲೆ ನಿಂತವನಿಗೆ ಎಣಿಸಲು ಪುರುಸೊತ್ತು ಇರುವುದಿಲ್ಲ.

ಎರಡನೆಯ ಹಂತ: ಎರಡು ಎಳೆಗಳ ಮೇಲೆ ಏನೇನು ನಡೆಯುತ್ತದೆ

ಇಡೀ ತರಬೇತಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ವಿನಿಮಯ ಕೇಂದ್ರದಿಂದ ಹೊರಡುವ ಎರಡು ಎಳೆಗಳಲ್ಲಿ ಒಂದು ಭೂಮಿಗೆ ಸೇರಿದ ಧನ ಎಳೆ, ಇನ್ನೊಂದು ಋಣ 48 ವೋಲ್ಟಿನ ಎಳೆ. ಧನ ತುದಿಯನ್ನೇ ಏಕೆ ಭೂಮಿಗೆ ಸೇರಿಸಿದ್ದಾರೆ ಎಂದು ಮೊದಲ ವಾರದಲ್ಲೇ ಕೇಳಿ, ಉತ್ತರವನ್ನು ನೀವೇ ಹೇಳಬೇಡಿ. ನೆಲದ ತೇವದಲ್ಲಿ ವಿದ್ಯುತ್ ಸೋರಿದಾಗ ಸವೆಯುವುದು ಧನ ಬದಿಯ ಲೋಹ. ಕೇಬಲ್ಲಿನ ತಾಮ್ರ ಭೂಮಿಗಿಂತ ಋಣವಾಗಿದ್ದರೆ ಅದು ಸವೆಯದೆ ಉಳಿಯುತ್ತದೆ. ಹಳೆಯ ಎಂಜಿನಿಯರುಗಳ ಈ ಲೆಕ್ಕ ಗೊತ್ತಿದ್ದವನು ಡಿಪಿ ಪೆಟ್ಟಿಗೆ ತೆರೆದು ಒಂದೇ ತಿರುಪಿನ ಮೇಲೆ ಹಸಿರು ಕಿಲುಬು ಕಂಡಾಗ, ಅದು ಬಹುಮಟ್ಟಿಗೆ ಧನ ಎಳೆಯ ತಿರುಪು, ಎರಡು ಎಳೆಗಳ ನಡುವೆ ನೀರು ಕುಳಿತಿತ್ತು ಎಂದು ನೋಡಿದೊಡನೆ ಊಹಿಸುತ್ತಾನೆ.

ಆಮೇಲೆ ಪ್ರತಿಯೊಬ್ಬರೂ ಮೂರು ಸ್ಥಿತಿಗಳಲ್ಲಿ ಲೈನನ್ನು ಅಳೆದು ಪುಸ್ತಕದಲ್ಲಿ ಬರೆಯಬೇಕು. ರಿಸೀವರ್ ಕೆಳಗಿದ್ದಾಗ ಎಳೆಗಳ ನಡುವೆ ಸುಮಾರು 48 ವೋಲ್ಟ್ ಇರುತ್ತದೆ. ಬ್ಯಾಟರಿ ಸದಾ ಚಾರ್ಜ್ ಆಗುತ್ತಿರುವ ಸ್ಥಿತಿಯಲ್ಲಿ, ಅಂದರೆ ಫ್ಲೋಟ್‌ನಲ್ಲಿದ್ದರೆ 52ರಿಂದ 54ರವರೆಗೂ ತೋರಿಸಬಹುದು. ರಿಸೀವರ್ ಎತ್ತಿದ ಕೂಡಲೇ ಅದು ದೂರವಾಣಿಯ ತುದಿಯಲ್ಲಿ ಹತ್ತು ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ, ಲೈನಿನಲ್ಲಿ 20ರಿಂದ 40 ಮಿಲಿಆಂಪಿಯರ್ ಹರಿಯತೊಡಗುತ್ತದೆ. ಬೆಲ್ ಹೊಡೆಯುವಾಗ ಸುಮಾರು 75 ವೋಲ್ಟಿನ, 25 ಹರ್ಟ್ಸ್‌ನ ಪರ್ಯಾಯ ವಿದ್ಯುತ್ ಆ 48 ವೋಲ್ಟಿನ ಮೇಲೆ ಸವಾರಿ ಮಾಡುತ್ತದೆ. ಈ ಕೊನೆಯ ವಾಕ್ಯ ಎಲ್ಲರಿಗೂ ಅರ್ಥವಾದಂತೆ ಕಾಣುತ್ತದೆ, ಆದರೆ ಆಗಿರುವುದಿಲ್ಲ. 75 ವೋಲ್ಟಿನ ಶಿಖರ 106 ವೋಲ್ಟ್. ಅದಕ್ಕೆ 48 ಸೇರಿಸಿದರೆ ಬೆಲ್ ಹೊಡೆಯುವ ಗಳಿಗೆಯಲ್ಲಿ ಎಳೆಗಳ ನಡುವೆ 150 ವೋಲ್ಟ್ ದಾಟುತ್ತದೆ. ಈ ಸಂಖ್ಯೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು ಹಾಗೆಯೇ ಬಿಡಿ; ಐದನೆಯ ಹಂತದಲ್ಲಿ ಬೇಕಾಗುತ್ತದೆ. ಬೆಲ್ ಹೊಡೆಯುವಾಗ ಬರಿಗೈಯಲ್ಲಿ ಎಳೆ ಹಿಡಿದವನಿಗೆ ಅದು ಬೇರೆ ರೀತಿಯಲ್ಲಿ ನೆನಪಿರುತ್ತದೆ, ಆ ಮಾತು ಬೇರೆ.

ಲೆಕ್ಕವನ್ನೂ ಮಾಡಿಸಬೇಕು. ಕೇಂದ್ರದೊಳಗಿನ ಸರಬರಾಜು ರೋಧ 400 ಓಮ್, ಲೈನಿನ ರೋಧ 600 ಓಮ್, ದೂರವಾಣಿಯದು 300 ಓಮ್ ಎಂದಿಟ್ಟುಕೊಂಡರೆ ಒಟ್ಟು 1300 ಓಮ್. 48 ವೋಲ್ಟನ್ನು ಇದರಿಂದ ಭಾಗಿಸಿದರೆ 37 ಮಿಲಿಆಂಪಿಯರ್ ಬರುತ್ತದೆ. ಮಾಪಕ 15 ತೋರಿಸಿದರೆ ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ ಎಂಬ ಅನುಮಾನ ಅಲ್ಲೇ ಹುಟ್ಟಬೇಕು. 0.5 ಮಿಲಿಮೀಟರ್ ತಾಮ್ರದ ಜೋಡಿಗೆ ಹೋಗಿಬರುವ ರೋಧ ಕಿಲೋಮೀಟರಿಗೆ ಸುಮಾರು 170 ಓಮ್. ಆದ್ದರಿಂದ ಎರಡು ಎಳೆ ಒಂದಕ್ಕೊಂದು ತಗುಲಿರುವ ಲೈನನ್ನು ಕೇಂದ್ರದಿಂದ ಅಳೆದಾಗ 340 ಓಮ್ ಬಂದರೆ, ತಗುಲಿರುವ ಜಾಗ ಎರಡು ಕಿಲೋಮೀಟರ್ ದೂರದಲ್ಲಿದೆ. ಎಳೆ ತುಂಡಾಗಿದ್ದರೆ ರೋಧ ಏನನ್ನೂ ಹೇಳುವುದಿಲ್ಲ, ಆಗ ಧಾರಕತೆ ಅಳೆಯಬೇಕು. ಕಿಲೋಮೀಟರಿಗೆ ಸುಮಾರು 0.05 ಮೈಕ್ರೋಫ್ಯಾರಡ್ ಎಂಬ ಅಂದಾಜು ಸಾಕು. ಹೀಗೆ ಕುಳಿತಲ್ಲೇ ದೂರ ಹೇಳಿ, ಆಮೇಲೆ ಕೇಬಲ್ ಸುರುಳಿಯಲ್ಲಿ ನೀವು ಬಚ್ಚಿಟ್ಟ ದೋಷದ ಜಾಗಕ್ಕೆ ಹೋಗಿ ನೋಡಿದಾಗ ಅದು ಹೊಂದಿಕೊಂಡರೆ, ಆ ಹುಡುಗನಿಗೋ ಹುಡುಗಿಗೋ ಮಾಪಕದ ಮೇಲೆ ನಂಬಿಕೆ ಬರುತ್ತದೆ.

ಮೂರನೆಯ ಹಂತ: ಒಂದು ಕರೆಯ ಹಿಂದೆ ನಡೆಯುವುದು

ಈಗ ಮೈಸೂರಿನಿಂದ ಮಂಡ್ಯಕ್ಕೆ ಒಂದು ಕರೆ ಮಾಡಿಸಿ, ಪ್ರತಿ ಹೆಜ್ಜೆಯಲ್ಲೂ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ಹೇಳಿಸಿ. ರಿಸೀವರ್ ಎತ್ತಿದಾಗ ಹರಿದ ವಿದ್ಯುತ್ತನ್ನು ಲೈನ್ ಕಾರ್ಡ್ ಗುರುತಿಸುತ್ತದೆ. ಪ್ರೊಸೆಸರ್ ಆ ಲೈನಿಗೆ 400 ಹರ್ಟ್ಸ್‌ನ ಡಯಲ್ ಟೋನ್ ಕಳಿಸುತ್ತದೆ. ಮೊದಲ ಅಂಕಿ ಒತ್ತಿದ ಕೂಡಲೇ ಟೋನ್ ನಿಲ್ಲಬೇಕು. ನಿಲ್ಲದಿದ್ದರೆ ಅಂಕಿ ಕೇಂದ್ರಕ್ಕೆ ತಲುಪಿಲ್ಲ ಅಥವಾ ಅದನ್ನು ಓದುವ ಭಾಗ ಕೆಟ್ಟಿದೆ. 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರಗಳು ಒಟ್ಟಿಗೆ ಹೋಗುತ್ತವೆ. ಒಂದು ಸಾಲಿನ ಅಂಕಿಗಳು ಮಾತ್ರ ಕೆಲಸ ಮಾಡುತ್ತಿಲ್ಲವೆಂದರೆ ದೋಷ ದೂರವಾಣಿಯ ಗುಂಡಿಮಣೆಯದು, ಕೇಂದ್ರದ್ದಲ್ಲ. 0 ಮತ್ತು 8232 ಬಂದ ಮೇಲೆ ಕೇಂದ್ರ ಇದು ಮಂಡ್ಯದ ಕರೆ ಎಂದು ತಿಳಿದು, ಇನ್ನೊಂದು ಕೇಂದ್ರಕ್ಕೆ ಸೇರಿಸುವ ಟ್ರಂಕ್ ಹುಡುಕುತ್ತದೆ. ಮೈಸೂರಿನ ಸಂಕೇತ 821, ಅದರ ಹಿಂದೆ ಏಳು ಅಂಕಿ. ಮಂಡ್ಯದ್ದು 8232, ಅದರ ಹಿಂದೆ ಆರು. ಎರಡೂ ಕೂಡಿ ಹತ್ತೇ. ಇಪಿಎಬಿಎಕ್ಸ್‌ನಲ್ಲಿ ಅಂಕಿಗಳ ಸಂಖ್ಯೆಯನ್ನು ತಪ್ಪಾಗಿ ತುಂಬಿ, ಕರೆ ಹೋಗುವುದಕ್ಕೆ ಹತ್ತು ಸೆಕೆಂಡ್ ತಡವಾಗುತ್ತಿದೆ ಎಂದು ಲೈನನ್ನು ಬೈಯುವವರು ಬಹಳ ಜನ.

ಮಾತು ಸಾಗುವ ದಾರಿಯನ್ನೂ ಇಲ್ಲೇ ಹೇಳಬೇಕು. ಲೈನ್ ಕಾರ್ಡ್ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ, ಆದ್ದರಿಂದ ಒಂದು ಮಾತಿಗೆ 64 ಕಿಲೋಬಿಟ್. ಸ್ವಿಚ್ ಮಾಡುವ ಕೆಲಸವೆಂದರೆ ಒಬ್ಬರ ಸಮಯದ ಗೂಡಿನಲ್ಲಿ (ಸರದಿಯಲ್ಲಿ ಅವರಿಗೆ ಮೀಸಲಾದ ಕ್ಷಣದಲ್ಲಿ) ಇರುವುದನ್ನು ಎತ್ತಿ ಇನ್ನೊಬ್ಬರ ಗೂಡಿಗೆ ಹಾಕುವುದು, ಅಷ್ಟೇ. ಸ್ಟ್ರೌಜರ್ 1891ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಇದೇ ಕೆಲಸವನ್ನು ಮೇಲೇರಿ ತಿರುಗುವ ಲೋಹದ ತೋಳು ಮಾಡುತ್ತಿತ್ತು. ಆ ಯಂತ್ರದ ಕಾಲದ ಒಂದು ಮಾತು ಇನ್ನೂ ನಮ್ಮಲ್ಲಿ ಉಳಿದಿದೆ: ರಿಸೀವರ್ ಸರಿಯಾಗಿ ಇಡದೆ ಲೈನ್ ಹಿಡಿದುಕೊಂಡಿದ್ದರೆ ಹಲಗೆಯ ಮೇಲಿನ ದೀಪ ಆರದೆ ಉರಿಯುತ್ತಿತ್ತಾದ್ದರಿಂದ ಅದಕ್ಕೆ ‘ಪರ್ಮನೆಂಟ್ ಗ್ಲೋ’ ಎಂದರು. ಈಗ ದೀಪವಿಲ್ಲ, ಪರದೆಯ ಮೇಲೆ ಅಕ್ಷರ ಮಾತ್ರ. ಆದರೂ ಹಿರಿಯ ಲೈನ್‌ಮ್ಯಾನ್‌ಗಳು ‘ಆ ನಂಬರ್ ಪಿ.ಜಿ. ಆಗಿದೆ’ ಎಂದೇ ಹೇಳುತ್ತಾರೆ. ಹೊಸಬರಿಗೆ ಈ ಪದಗಳನ್ನು ಕಲಿಸದಿದ್ದರೆ ಹಿರಿಯರ ಜೊತೆ ಕೆಲಸ ಸಾಗುವುದಿಲ್ಲ.

ನಾಲ್ಕನೆಯ ಹಂತ: ದೂರನ್ನು ಕೇಳಿಸಿಕೊಳ್ಳುವುದು

‘ಫೋನು ಸತ್ತೋಗಿದೆ ಕಣಪ್ಪಾ’ ಎಂಬ ದೂರಿಗೆ ಕಡಿಮೆಯೆಂದರೆ ನಾಲ್ಕು ಅರ್ಥಗಳಿವೆ. ರಿಸೀವರ್ ಎತ್ತಿದರೆ ಏನೂ ಕೇಳುತ್ತಿಲ್ಲ. ಟೋನ್ ಇದೆ, ನಂಬರ್ ಹೋಗುತ್ತಿಲ್ಲ. ಹೊರಗೆ ಮಾಡಬಹುದು, ಒಳಗೆ ಬರುತ್ತಿಲ್ಲ. ನಾವು ಆಡಿದ್ದು ಅವರಿಗೆ ಕೇಳುತ್ತಿಲ್ಲ. ಈ ನಾಲ್ಕೂ ಬೇರೆ ಬೇರೆ ಜಾಗದ ದೋಷಗಳು. ಆದ್ದರಿಂದ ತರಬೇತಿಯಲ್ಲಿ ಒಬ್ಬರು ಗ್ರಾಹಕರಾಗಿ, ಇನ್ನೊಬ್ಬರು ದೂರು ಬರೆದುಕೊಳ್ಳುವವರಾಗಿ ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಲಿ. ಎತ್ತಿದಾಗ ಏನು ಕೇಳಿಸುತ್ತದೆ, ಯಾವಾಗಿನಿಂದ ಹೀಗಾಗಿದೆ, ಮಳೆ ಬಂದಾಗ ಹೆಚ್ಚಾಗುತ್ತದೆಯೇ, ಪಕ್ಕದ ಮೇಜಿನವರದೂ ಹೀಗೆಯೇ ಇದೆಯೇ, ಈ ನಾಲ್ಕನ್ನು ಕೇಳದೆ ಚೀಟಿ ಮುಗಿಸಬಾರದು. ಕೊನೆಯ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಒಂದೇ ಲೈನ್ ಕೆಟ್ಟಿದ್ದರೆ ಹೊರಗೆ ಹುಡುಕಬೇಕು, ಒಂದೇ ಕಾರ್ಡಿನ ಎಂಟೂ ಲೈನ್ ಕೆಟ್ಟಿದ್ದರೆ ಒಳಗೆ, ಒಂದೇ ಕಟ್ಟಡದ ಎಲ್ಲವೂ ಕೆಟ್ಟಿದ್ದರೆ ಕೇಬಲ್ಲಿನಲ್ಲಿ. ಕುರ್ಚಿಯಿಂದ ಏಳುವ ಮೊದಲೇ ಅರ್ಧ ಹುಡುಕಾಟ ಮುಗಿದಿರುತ್ತದೆ.

ಐದನೆಯ ಹಂತ: ಎಂ.ಡಿ.ಎಫ್. ಬಳಿ ದಾರಿಯನ್ನು ಒಡೆಯುವುದು

ಮಂಡ್ಯದ ಕಡೆಯ ಹುಡುಗರಿಗೆ ಇದನ್ನು ಹೇಳಿಕೊಡುವುದು ಸುಲಭ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲವೆಂದು ನೀರುಗಂಟಿ ಕನ್ನಂಬಾಡಿಗೆ ಓಡುವುದಿಲ್ಲ, ಗದ್ದೆಯ ಬದುವಿನಿಂದ ಅಡಿ ಅಡಿಯಾಗಿ ಕಾಲುವೆ ತಡವುತ್ತಲೂ ಬರುವುದಿಲ್ಲ. ನಡುವಿನ ತೂಬಿನ ಬಳಿ ನಿಂತು ನೋಡುತ್ತಾನೆ. ಅಲ್ಲಿ ನೀರಿದ್ದರೆ ತೊಂದರೆ ಕೆಳಗೆ, ಇಲ್ಲದಿದ್ದರೆ ಮೇಲೆ. ನಮ್ಮ ತೂಬು ಎಂ.ಡಿ.ಎಫ್., ಅಂದರೆ ಹೊರಗಿನ ಕೇಬಲ್ಲೂ ಕೇಂದ್ರದ ತಂತಿಗಳೂ ಸೇರುವ ಚೌಕಟ್ಟು. ಅಲ್ಲಿ ಕ್ರೋನ್ ಮಾಡ್ಯೂಲಿಗೆ ಡಿಸ್‌ಕನೆಕ್ಷನ್ ಪ್ಲಗ್ ಹಾಕಿದರೆ ಕೇಂದ್ರದ ಬದಿಯೂ ಕೇಬಲ್ಲಿನ ಬದಿಯೂ ಬೇರೆಯಾಗುತ್ತವೆ. ಕೇಂದ್ರದ ಬದಿಗೆ ಟೆಸ್ಟ್ ಫೋನ್ ಹಚ್ಚಿ ಟೋನ್ ಕೇಳಿ, ಒಂದು ಕರೆ ಮಾಡಿ, ಒಂದು ಕರೆ ತರಿಸಿಕೊಂಡರೆ ಒಳಗಿನದೆಲ್ಲ ಸರಿಯೆಂದು ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಆಗ ಕಾರ್ಡಿನ ಮಾತೇ ಏಳುವುದಿಲ್ಲ.

ಹೊರಗಿನ ಬದಿಯಲ್ಲಿ ಅಳತೆಯ ಕ್ರಮ ತಪ್ಪಬಾರದು. ಮೊದಲು ವೋಲ್ಟೇಜ್, ಆಮೇಲೆ ರೋಧ, ಕೊನೆಗೆ ಮೆಗ್ಗರ್. ಬೇರ್ಪಡಿಸಿದ ಲೈನಿನ ಮೇಲೆ ವೋಲ್ಟೇಜ್ ಇರಬಾರದು. ಇದ್ದರೆ ಪಕ್ಕದ ಜೋಡಿ ಎಲ್ಲೋ ತಗುಲಿದೆ ಎಂದರ್ಥ, ಅದರ ಮೇಲೆ ರೋಧ ಅಳೆದರೆ ಸುಳ್ಳು ಸಂಖ್ಯೆ ಬರುತ್ತದೆ. ನಂತರ ಮೂರು ಅಳತೆ: ಎಳೆಯಿಂದ ಎಳೆಗೆ, ಮೊದಲ ಎಳೆಯಿಂದ ಭೂಮಿಗೆ, ಎರಡನೆಯದರಿಂದ ಭೂಮಿಗೆ. ಒಂದು ಎಳೆ ಮಾತ್ರ ಭೂಮಿಗೆ ತಗುಲಿದ್ದರೆ ಮಾತಿನಲ್ಲಿ ಗುಂಯ್ ಎಂಬ ಸದ್ದು ಸೇರಿಕೊಳ್ಳುವುದನ್ನು ಕೃತಕವಾಗಿ ಮಾಡಿ ಕೇಳಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು.

ಮೆಗ್ಗರ್ ಏಕೆ ಬೇಕು ಎಂಬುದಕ್ಕೆ ನಾನು ಪ್ರತಿ ತಂಡಕ್ಕೂ ಹೇಳುವ ಒಂದು ಪ್ರಸಂಗವಿದೆ. ಮಂಡ್ಯ ಕಡೆಯ ಒಂದು ವಿದ್ಯಾರ್ಥಿನಿಲಯದಿಂದ ಜೂನ್ ತಿಂಗಳಲ್ಲಿ ದೂರು ಬಂತು: ಬೆಲ್ ಅರ್ಧ ಸಲ ಹೊಡೆದು ನಿಂತುಹೋಗುತ್ತದೆ, ಕರೆ ಮಾಡಿದವರಿಗೆ ಯಾರೋ ಎತ್ತಿದಂತೆ ಕೇಳಿ ಆಮೇಲೆ ಬರೀ ಮೌನ. ಹೊರಗೆ ಮಾಡುವ ಕರೆಗಳೆಲ್ಲ ಸರಿಯಾಗಿದ್ದವು. ಹೋಗಿದ್ದ ಹುಡುಗ ಮಲ್ಟಿಮೀಟರಿನಲ್ಲಿ ಲೈನ್ ಅಳೆದು ದೋಷವಿಲ್ಲವೆಂದು ಬರೆದು, ಮೂರು ದಿನದಲ್ಲಿ ಮೂರು ಕಾರ್ಡ್ ಬದಲಿಸಿದ್ದ. ನಾಲ್ಕನೆಯ ದಿನ ನನಗೆ ಫೋನ್ ಮಾಡಿ, ‘ಸರ್, ಕಾರ್ಡೆಲ್ಲಾ ಬದಲಾಯಿಸಿದ್ದೀನಿ ಸರ್, ಬೇರೆ ಕಾರ್ಡ್ ಕಳಿಸ್ತೀರಾ’ ಎಂದ. ‘ಬರ್ತೀನಿ ಇರಪ್ಪಾ’ ಎಂದು ಮೆಗ್ಗರ್ ಹಿಡಿದು ಹೋದೆ. ಮಲ್ಟಿಮೀಟರಿನೊಳಗೆ ಇರುವುದು ಒಂಬತ್ತು ವೋಲ್ಟಿನ ಬ್ಯಾಟರಿ. ಅದರ ಕಣ್ಣಿಗೆ ಆ ಲೈನ್ ನಿಜವಾಗಿಯೂ ಒಣಗಿತ್ತು. 250 ವೋಲ್ಟಿನ ಮೆಗ್ಗರ್ ಹಚ್ಚಿದಾಗ ಮುಳ್ಳು ಸೊನ್ನೆಯ ಹತ್ತಿರಕ್ಕೆ ಬಿತ್ತು. ಹಿಂಬದಿಯ ಗೋಡೆಯಲ್ಲಿದ್ದ ಡಿಪಿ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಇರುವೆಗಳು ತಂದು ತುಂಬಿದ ಒದ್ದೆ ಮಣ್ಣು, ಅದರ ನಡುವೆ ಎರಡು ಹಲ್ಲಿಮೊಟ್ಟೆ, ಒಂದು ತಿರುಪಿನ ಮೇಲೆ ಮಾತ್ರ ಹಸಿರು ಕಿಲುಬು. ಕರಿಹಲಗೆಯ ಮೂಲೆಯ 150 ವೋಲ್ಟ್ ಬೇಕಾಗುವುದು ಇಲ್ಲಿ. ಬೆಲ್ ಹೊಡೆಯುವ ಗಳಿಗೆಯ ಆ ಒತ್ತಡಕ್ಕೆ ಒದ್ದೆ ಮಣ್ಣು ದಾರಿ ಬಿಟ್ಟುಕೊಡುತ್ತಿತ್ತು, ವಿದ್ಯುತ್ ಹರಿಯುತ್ತಿತ್ತು, ಕೇಂದ್ರ ಯಾರೋ ರಿಸೀವರ್ ಎತ್ತಿದರೆಂದು ಬೆಲ್ ನಿಲ್ಲಿಸುತ್ತಿತ್ತು. ಪೆಟ್ಟಿಗೆ ಒರೆಸಿ, ತಿರುಪು ಬದಲಿಸಿ, ಕೇಬಲ್ ಒಳಬರುವ ತೂತನ್ನು ಮುಚ್ಚಿದ್ದಕ್ಕೆ ಆದ ಖರ್ಚು ಒಂದು ಊಟದ್ದಕ್ಕಿಂತ ಕಡಿಮೆ.

ಮೆಗ್ಗರ್ ತಿರುಗಿಸುವ ಮುನ್ನ ಕೇಂದ್ರದ ಬದಿಯನ್ನು ಬೇರ್ಪಡಿಸಿರಬೇಕು, ಗ್ರಾಹಕರ ಕಡೆ ದೂರವಾಣಿ ಕಳಚಿರಬೇಕು, ಸಿಡಿಲು ತಡೆಯುವ ಜಿ.ಡಿ. ಟ್ಯೂಬ್ ತೆಗೆದಿರಬೇಕು. ಆ ಟ್ಯೂಬ್ ಇರುವುದೇ ಹೆಚ್ಚಿನ ವೋಲ್ಟೇಜನ್ನು ಭೂಮಿಗೆ ಹರಿಸುವುದಕ್ಕೆ, ಅದನ್ನು ಮರೆತು ಅಳೆದವರು ಒಳ್ಳೆಯ ಕೇಬಲ್ಲನ್ನು ಅಗೆಸಿದ್ದೂ ಉಂಟು.

ಆರನೆಯ ಹಂತ: ಬ್ಯಾಟರಿ ಮತ್ತು ಭೂಸಂಪರ್ಕ

ಕೇಂದ್ರ ತಾನಾಗಿ ಮತ್ತೆ ಮತ್ತೆ ಆರಂಭವಾಗುತ್ತಿದೆ, ಸಂಜೆ ಹೊತ್ತು ಮಾತ್ರ ಕೆಡುತ್ತದೆ, ಒಟ್ಟಿಗೆ ಹತ್ತು ಕಾರ್ಡ್ ಸುಟ್ಟವು ಎಂಬಂಥ ವಿಚಿತ್ರ ದೂರುಗಳ ಮೂಲ ಹೆಚ್ಚಾಗಿ ಬ್ಯಾಟರಿ ಕೋಣೆಯಲ್ಲಿರುತ್ತದೆ. ಎರಡು ವೋಲ್ಟಿನ 24 ಸೆಲ್‌ಗಳ ಸಾಲು. ಫ್ಲೋಟ್‌ನಲ್ಲಿ ಸೆಲ್ಲಿಗೆ 2.25 ವೋಲ್ಟ್, ಅಂದರೆ ಒಟ್ಟು 54. ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿ ನೆಮ್ಮದಿಯಾಗುವ ಅಭ್ಯಾಸವನ್ನು ಮುರಿಯಬೇಕು, ಏಕೆಂದರೆ ಬ್ಯಾಟರಿ ತುಂಬಿಸುವ ರೆಕ್ಟಿಫೈಯರ್ ಆನ್ ಆಗಿರುವಾಗ ನೀವು ಅಳೆಯುತ್ತಿರುವುದು ರೆಕ್ಟಿಫೈಯರನ್ನು, ಬ್ಯಾಟರಿಯನ್ನಲ್ಲ. ರೆಕ್ಟಿಫೈಯರ್ ನಿಲ್ಲಿಸಿ, ಹೊರೆ ಬ್ಯಾಟರಿಯ ಮೇಲೆ ಬಿದ್ದ ಅರ್ಧ ಗಂಟೆಯ ನಂತರ ಒಂದೊಂದೇ ಸೆಲ್ ಅಳೆದು ಬರೆದರೆ, 23 ಸೆಲ್‌ಗಳು 2.0ರ ಆಸುಪಾಸಿನಲ್ಲಿದ್ದು ಒಂದು 1.7ಕ್ಕೆ ಕುಸಿದಿರುವುದು ಕಾಣುತ್ತದೆ. ಆ ಒಂದು ಸೆಲ್ ಸಾಲನ್ನೆಲ್ಲ ಹಾಳು ಮಾಡುತ್ತದೆ. ಯಾವುದಾದರೂ ಸೆಲ್ 1.85ಕ್ಕಿಂತ ಕೆಳಗಿಳಿದದ್ದು ಕಂಡ ಕೂಡಲೇ ಪರೀಕ್ಷೆ ನಿಲ್ಲಿಸಬೇಕು. 200 ಆಂಪಿಯರ್-ಗಂಟೆಯ ಬ್ಯಾಟರಿ 20 ಆಂಪಿಯರ್ ಹೊರೆಗೆ ಹತ್ತು ಗಂಟೆ ಬರುತ್ತದೆಂದು 40 ಆಂಪಿಯರಿಗೆ ಐದು ಗಂಟೆ ಎಂದು ಲೆಕ್ಕ ಹಾಕಬಾರದು. ಅದು ಅದಕ್ಕೂ ಮೊದಲೇ ಮುಗಿಯುತ್ತದೆ.

ಬ್ಯಾಟರಿ ಕೋಣೆಗೆ ಹೋಗುವವರು ಉಂಗುರ, ಬೆಳ್ಳಿ ಕಡಗ, ಸರ ತೆಗೆದಿಟ್ಟು ಹೋಗಬೇಕು. ಸ್ಪ್ಯಾನರಿನ ಹಿಡಿಗೆ ನಿರೋಧಕ ಹೊದಿಕೆ ಇರಬೇಕು, ಬಾಗಿಲು ಕಿಟಕಿ ತೆರೆದಿರಬೇಕು, ಏಕೆಂದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ. 48 ವೋಲ್ಟ್ ಕೊಲ್ಲುವುದಿಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಸೆಲ್‌ಗಳ ನಡುವೆ ಬಿದ್ದ ಸ್ಪ್ಯಾನರ್ ಕೆಂಪಗೆ ಕಾಯುವುದಕ್ಕೆ ಕ್ಷಣ ಸಾಕು.

ಭೂಸಂಪರ್ಕದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೇಂದ್ರಕ್ಕೆ ಒಂದೇ ಭೂಮಿ ಇರಬೇಕು. ಎಂ.ಡಿ.ಎಫ್.ಗೆ ಒಂದು, ರೆಕ್ಟಿಫೈಯರಿಗೆ ಒಂದು ಎಂದು ಬೇರೆ ಬೇರೆ ಮಾಡಿದರೆ ಸಿಡಿಲು ಬಡಿದಾಗ ಎರಡರ ನಡುವಿನ ವ್ಯತ್ಯಾಸ ಕಾರ್ಡುಗಳ ಮೂಲಕವೇ ಹಾಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಸಿಡಿಲು ಹೆಚ್ಚು, ಭೂಮಿ ಒಣಗಿ ರೋಧ ಏರಿರುವುದೂ ಅದಕ್ಕೆ ಮೊದಲಿನ ತಿಂಗಳಲ್ಲೇ. ಆದ್ದರಿಂದ ಮಾರ್ಚ್‌ನಲ್ಲಿ ಅಳೆಯಬೇಕು, ಮಳೆ ಬಿದ್ದ ಮೇಲಲ್ಲ.

ಏಳನೆಯ ಹಂತ: ಈಗ ಕಾರ್ಡ್ ಮುಟ್ಟಬಹುದು

ಆರು ವಾರ ದಾಟಿದ ಮೇಲೆ ರ್‍ಯಾಕಿನ ಬಾಗಿಲು ತೆರೆಯಿರಿ. ಮೊದಲ ಪಾಠ ಮೈಯ ವಿದ್ಯುತ್ತನ್ನು ಭೂಮಿಗೆ ಹರಿಸುವ ಮಣಿಕಟ್ಟಿನ ಪಟ್ಟಿಯದು. ಒಣ ಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟು ನಡೆದವನ ಮೈಮೇಲೆ ಸಾವಿರಾರು ವೋಲ್ಟಿನ ಸ್ಥಿರ ವಿದ್ಯುತ್ ಕೂಡಿರುತ್ತದೆ. ಅವನಿಗೆ ಅದು ಗೊತ್ತಾಗುವುದಿಲ್ಲ, ಚಿಪ್ಪಿಗೆ ಗೊತ್ತಾಗುತ್ತದೆ. ಅದರಿಂದ ಕಾರ್ಡ್ ಅಂದೇ ಸಾಯದೆ ಎರಡು ತಿಂಗಳಾದ ಮೇಲೆ ಸಾಯುವುದರಿಂದ ತಪ್ಪಿತಸ್ಥ ಯಾರೆಂದು ತಿಳಿಯುವುದೂ ಇಲ್ಲ.

ಕಾರ್ಡ್ ಕೀಳುವ ಮುನ್ನ ಪರದೆಯ ಮೇಲೆ ಎಚ್ಚರಿಕೆಗಳನ್ನು ಓದಿ, ಬಂದ ಸಮಯದೊಡನೆ ಬರೆದುಕೊಳ್ಳಬೇಕು. ಹತ್ತು ಎಚ್ಚರಿಕೆಗಳಿದ್ದರೆ ಮೊದಲು ಬಂದದ್ದೇ ಹೆಚ್ಚಾಗಿ ಕಾರಣ, ಉಳಿದವು ಅದರ ಫಲ. ಸಿ-ಡಾಟ್‌ನಂಥ ಕೇಂದ್ರಗಳಲ್ಲಿ ಮುಖ್ಯ ಪ್ರೊಸೆಸರ್ ಜೋಡಿಯಾಗಿರುತ್ತದೆ. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಸಿದ್ಧವಾಗಿ ನಿಂತಿರುತ್ತದೆ. ಯಾವುದು ಕೆಲಸದಲ್ಲಿದೆ ಎಂದು ನೋಡದೆ ಕೈ ಹಾಕಿದವನು ಊರಿಗೆಲ್ಲ ಮೌನ ಹಂಚುತ್ತಾನೆ. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ಹುಟ್ಟಿದ್ದು 1984ರಲ್ಲಿ. ಅದರ 128 ಪೋರ್ಟಿನ ಮೊದಲ ಗ್ರಾಮೀಣ ಕೇಂದ್ರ 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಶುರುವಾಯಿತು. ಹವಾನಿಯಂತ್ರಣವಿಲ್ಲದ ಹಳ್ಳಿಯ ಕೋಣೆಯಲ್ಲಿ ನಡೆಯುವಂತೆ ಅದನ್ನು ರೂಪಿಸಿದ್ದರು ಎಂಬುದನ್ನು ಹೇಳಿದರೆ, ಫ್ಯಾನಿನ ಧೂಳು ಒರೆಸಲು ಬೇಸರಪಡುವವರಿಗೆ ಬಿಸಿಯ ಮಹತ್ವ ತಿಳಿಯುತ್ತದೆ.

ಕಾರ್ಡ್ ಬದಲಿಸಿದ ಮೇಲೆ ಹಳೆಯದನ್ನು ಇನ್ನೊಂದು ಜಾಗಕ್ಕೆ ಹಾಕಿ ನೋಡಬೇಕು. ದೋಷ ಕಾರ್ಡಿನ ಜೊತೆ ಹೋದರೆ ಕಾರ್ಡ್ ಕೆಟ್ಟಿದೆ, ಅಲ್ಲೇ ಉಳಿದರೆ ಹಿಂಬದಿಯ ಸಂಪರ್ಕ ಕೆಟ್ಟಿದೆ. ಪ್ರೋಗ್ರಾಂ ಬದಲಿಸುವ ಮುನ್ನ ನಕಲು ತೆಗೆದಿಡುವುದನ್ನು ನಾನು ಕಲಿತದ್ದು ಕಷ್ಟಪಟ್ಟು: ಒಂದು ಕಡೆ 96 ಲೈನಿನ ಇಪಿಎಬಿಎಕ್ಸ್‌ನಲ್ಲಿ ಒಂದೇ ಒಂದು ನಂಬರ್ ಬದಲಿಸಲು ಹೋಗಿ ಎಲ್ಲವನ್ನೂ ಅಳಿಸಿ, ರಾತ್ರಿಯಿಡೀ ಕಾಗದದ ಪಟ್ಟಿ ನೋಡಿಕೊಂಡು ತುಂಬಿದ್ದೆ. ಆ ಕಾಗದದ ಪಟ್ಟಿಯೂ ಎರಡು ವರ್ಷ ಹಳೆಯದಾಗಿತ್ತು.

ಎಂಟನೆಯ ಹಂತ: ಟ್ರಂಕ್‌ಗಳು

ಕೇಂದ್ರಗಳ ನಡುವಿನ ಇ1 ಎಂಬ ಡಿಜಿಟಲ್ ಕೊಂಡಿಯಲ್ಲಿ 32 ಗೂಡುಗಳು, ಪ್ರತಿಯೊಂದಕ್ಕೆ 64 ಕಿಲೋಬಿಟ್, ಒಟ್ಟು 2048. ಸೊನ್ನೆಯ ಗೂಡು ತಾಳ ಹಿಡಿಯುವುದಕ್ಕೆ, ಹದಿನಾರನೆಯದು ಸಂಕೇತಗಳಿಗೆ, ಉಳಿದ ಮೂವತ್ತು ಮಾತಿಗೆ. ಕೊಂಡಿ ಕೆಟ್ಟಾಗಲೂ ತೂಬಿನ ನಿಯಮವೇ: ನಮ್ಮ ಬದಿಯ ಹೊರದಾರಿಯನ್ನು ಒಳದಾರಿಗೆ ಸೇರಿಸಿ ಎಚ್ಚರಿಕೆ ಹೋದರೆ ನಮ್ಮದು ಸರಿ, ತೊಂದರೆ ಆಚೆಗೆ. ಈಗ ಬಹಳ ಕಡೆ ತಾಮ್ರದ ಜಾಗಕ್ಕೆ ಐಪಿ ಬಂದಿದೆ. ಅಲ್ಲಿ ಒಬ್ಬರಿಗೆ ಕೇಳಿ ಇನ್ನೊಬ್ಬರಿಗೆ ಕೇಳದಿದ್ದರೆ, ಕರೆ ಹೊಂದಿಸುವ ಸಂದೇಶಗಳು ಒಂದು ದಾರಿಯಲ್ಲೂ ಧ್ವನಿಯ ಪೊಟ್ಟಣಗಳು ಇನ್ನೊಂದರಲ್ಲೂ ಹೋಗುತ್ತವೆ ಎಂಬುದನ್ನು ನೆನಪಿಸಿ, ನಡುವಿನ ರೌಟರ್ ಅಥವಾ ಫೈರ್‌ವಾಲ್ ಯಾವುದನ್ನು ತಡೆಯುತ್ತಿದೆ ಎಂದು ನೋಡಲು ಹೇಳಿ. ಇದಕ್ಕೆ ಪ್ರತ್ಯೇಕ ತರಬೇತಿಯೇ ಬೇಕು, ಮೈಸೂರಿನಲ್ಲಿ ಬಿ.ಎಸ್.ಎನ್.ಎಲ್.ನ ಪ್ರಾದೇಶಿಕ ದೂರಸಂಪರ್ಕ ತರಬೇತಿ ಕೇಂದ್ರವಿರುವುದರಿಂದ ನಮ್ಮ ಹುಡುಗರು ಅದಕ್ಕಾಗಿ ದೂರ ಹೋಗಬೇಕಾಗಿಲ್ಲ.

ಕೊನೆಯ ಹಂತ: ದೋಷ ನೆಡುವುದು, ದಾಖಲೆ ಬರೆಸುವುದು

ಕೊನೆಯ ಮೂರು ವಾರ ಪ್ರತಿ ಬೆಳಿಗ್ಗೆ ತರಬೇತಿಯ ಕೇಂದ್ರದಲ್ಲಿ ಒಂದು ದೋಷ ನೆಡಿ. ಕ್ರೋನ್ ಮಾಡ್ಯೂಲಿನಲ್ಲಿ ಎಳೆ ಪೂರ್ತಿ ಕೂರದಂತೆ ಬಿಡುವುದು, ಎರಡು ಜೋಡಿಗಳ ಒಂದೊಂದು ಎಳೆ ಅದಲುಬದಲು ಮಾಡುವುದು, ಎಳೆಗಳ ನಡುವೆ ಕೆಲವು ಕಿಲೋ ಓಮಿನ ರೆಸಿಸ್ಟರ್ ಹಾಕುವುದು, ಒಂದು ವಿಸ್ತರಣೆಗೆ ಹೊರಕರೆಯ ಅನುಮತಿ ತೆಗೆಯುವುದು, ಫ್ಯೂಸಿನ ಜಾಗದಲ್ಲಿ ಸುಟ್ಟ ಫ್ಯೂಸ್ ಇಡುವುದು. ವಾರಕ್ಕೊಂದು ದಿನ ಯಾವ ದೋಷವನ್ನೂ ನೆಡದೆ ದೂರು ಮಾತ್ರ ಕೊಡಿ. ಎಲ್ಲ ಸರಿಯಿದೆ ಎಂದು ಅಳತೆಗಳನ್ನು ತೋರಿಸಿ ಧೈರ್ಯವಾಗಿ ಹೇಳುವವರು ಮೊದಮೊದಲು ಕಡಿಮೆ. ಹೆಚ್ಚಿನವರು ಏನಾದರೊಂದನ್ನು ಬಿಚ್ಚಿ ಕಟ್ಟಿ, ದುರಸ್ತಿ ಮಾಡಿದೆ ಎನ್ನುತ್ತಾರೆ.

ಅಂಕ ಕೊಡುವಾಗ ಎಷ್ಟು ಬೇಗ ಹಿಡಿದರು ಎಂಬುದಕ್ಕಿಂತ ಎಷ್ಟು ಅಳತೆಗಳಲ್ಲಿ ಹಿಡಿದರು, ಪ್ರತಿ ಅಳತೆಯಿಂದ ಯಾವ ಅರ್ಧವನ್ನು ಕೈಬಿಟ್ಟರು ಎಂಬುದನ್ನು ನೋಡಿ. ದೂರಿನ ಪುಸ್ತಕದಲ್ಲಿ ‘ಸರಿಪಡಿಸಲಾಗಿದೆ’ ಎಂಬ ಒಂದು ಪದವನ್ನು ಒಪ್ಪಬೇಡಿ. ದೂರು ಕೊಟ್ಟವರ ಮಾತು ಅವರದೇ ಪದಗಳಲ್ಲಿ, ಎಂ.ಡಿ.ಎಫ್.ನಲ್ಲಿ ಕಂಡ ಅಳತೆ, ದೋಷ ಸಿಕ್ಕ ಜಾಗ, ಮಾಡಿದ ಕೆಲಸ, ಆಮೇಲಿನ ಅಳತೆ ಇಷ್ಟಿರಲಿ. ತಿಂಗಳ ಕೊನೆಯಲ್ಲಿ ಆ ಪುಸ್ತಕವನ್ನು ಡಿಪಿ ಪೆಟ್ಟಿಗೆಗಳ ಪ್ರಕಾರ ವಿಂಗಡಿಸಲು ಹೇಳಿ. ಒಂದೇ ಪೆಟ್ಟಿಗೆ ಮೂರು ಸಲ ಬಂದಿದ್ದರೆ ಮುಂದಿನ ದೂರಿಗೆ ಕಾಯದೆ ಅದನ್ನು ಬದಲಿಸಬೇಕು.

ದೂರು ಮುಚ್ಚುವ ಮೊದಲು ಆ ನಂಬರಿಗೆ ತಂತ್ರಜ್ಞನೇ ಹೊರಗಿನಿಂದ ಕರೆ ಮಾಡಲಿ. ಆ ಕಡೆಯವರಿಗೆ ಕೂಡಲೇ ಎತ್ತಬೇಡಿ ಎಂದು ಮೊದಲೇ ಹೇಳಿ, ಬೆಲ್ ನಾಲ್ಕು ಸಲ ಪೂರ್ತಿ ಹೊಡೆಯುವುದನ್ನು ಕೇಳಿಸಿಕೊಂಡು, ಐದನೆಯದಕ್ಕೆ ಅವರು ಎತ್ತಿದ ಮೇಲೆ ಸಹಿ ಹಾಕಲಿ.